ರೆಪ್ಪೆ ಜೋತು ಬಿದ್ದರೆ ನಿದ್ದೆ ಕಡಿಮೆಯಾಗಿದೆ ಎಂದರ್ಥವೇ? ಎಣ್ಣೆ ಹಚ್ಚಿದರೆ ಸರಿಹೋಗುತ್ತದೆಯೇ?

ಒಂದು ಕಣ್ಣಿನ ರೆಪ್ಪೆ ಇಳಿದಂತೆ ಕಂಡರೆ ‘ನಿದ್ದೆ ಸಾಲದು’, ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ಹರಳೆಣ್ಣೆ ಹಚ್ಚಿ, ಕಣ್ಣಿನ ವ್ಯಾಯಾಮ ಮಾಡಿ ಎನ್ನುವ ಸಲಹೆಗಳೂ ಮೊಬೈಲಿಗೆ ಬರುತ್ತಿರುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ರೆಪ್ಪೆ ಏಕೆ ಇಳಿಯುತ್ತದೆ?

ವೈದ್ಯರು ಇದನ್ನು ‘ಟೋಸಿಸ್’ ಎನ್ನುತ್ತಾರೆ. ಮೇಲಿನ ರೆಪ್ಪೆಯನ್ನು ಎತ್ತುವುದು ‘ಲಿವೇಟರ್’ ಎಂಬ ಸ್ನಾಯು. ಅದನ್ನು ನಡೆಸುವುದು ಮಿದುಳಿನಿಂದ ಬರುವ ನರ. ಸ್ನಾಯು, ಅದನ್ನು ರೆಪ್ಪೆಗೆ ಜೋಡಿಸುವ ತೆಳುವಾದ ಪಟ್ಟಿ, ನರ, ಇವುಗಳಲ್ಲಿ ಎಲ್ಲಿ ತೊಂದರೆಯಾದರೂ ರೆಪ್ಪೆ ಇಳಿಯಬಹುದು.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆ ಪಟ್ಟಿ ಸಡಿಲವಾಗಿರುತ್ತದೆ. ಇದು ವರ್ಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ಸಡಿಲಾದ ಪಟ್ಟಿಯನ್ನು ಎಣ್ಣೆಯಾಗಲಿ ವ್ಯಾಯಾಮವಾಗಲಿ ಬಿಗಿ ಮಾಡುವುದಿಲ್ಲ. ನೋಟಕ್ಕೆ ಅಡ್ಡವಾದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ.

ಬೆಳಿಗ್ಗೆ ಸರಿಯಿದ್ದು ಸಂಜೆಯ ಹೊತ್ತಿಗೆ ರೆಪ್ಪೆ ಇಳಿಯುತ್ತದೆಯೇ? ಅದು ‘ಮಯಸ್ತೇನಿಯಾ ಗ್ರೇವಿಸ್’ ಇರಬಹುದು. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ ಇದು. ಇದಕ್ಕೆ ಔಷಧಿಗಳಿವೆ.

ಮಕ್ಕಳಲ್ಲಿ ಕಾಯಬೇಡಿ

ಕೆಲವು ಮಕ್ಕಳಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಮಗು ಗದ್ದ ಮೇಲೆತ್ತಿ ನೋಡುತ್ತಿದ್ದರೆ ಗಮನಿಸಿ. ರೆಪ್ಪೆ ಮುಚ್ಚಿಕೊಂಡ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯದೇ ಹೋದರೆ ದೃಷ್ಟಿ ಮಂದವಾಗಿಯೇ ಉಳಿಯಬಹುದು. ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಬಿಡದೆ ಕಣ್ಣಿನ ವೈದ್ಯರಿಗೆ ತೋರಿಸಿ.

ಯಾವಾಗ ತಕ್ಷಣ ಆಸ್ಪತ್ರೆಗೆ?

ರೆಪ್ಪೆ ಇದ್ದಕ್ಕಿದ್ದಂತೆ ಇಳಿದು, ಜೊತೆಗೆ ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ:

• ತೀವ್ರ ತಲೆನೋವು, ಎರಡೆರಡಾಗಿ ಕಾಣುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗಿರುವುದು. ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು.
• ಕುತ್ತಿಗೆ ನೋವು, ಅದೇ ಬದಿಯ ಪಾಪೆ ಚಿಕ್ಕದಾಗಿರುವುದು. ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿರಬಹುದು.
• ಮಾತು ತೊದಲುವುದು, ಕೈಕಾಲಿನಲ್ಲಿ ಬಲವಿಲ್ಲದಿರುವುದು. ಇವು ಪಾರ್ಶ್ವವಾಯುವಿನ ಲಕ್ಷಣ.
• ನುಂಗಲು ಅಥವಾ ಉಸಿರಾಡಲು ಕಷ್ಟ.

ಹಳ್ಳಿಗಳಲ್ಲಿ ನೆನಪಿಡಬೇಕಾದ್ದು ಇನ್ನೊಂದಿದೆ. ನಾಗರಹಾವು, ಕಟ್ಟುಹಾವುಗಳ ವಿಷ ಏರಿದಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಎರಡೂ ರೆಪ್ಪೆ ಇಳಿಯುವುದೂ ಒಂದು. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಅಷ್ಟಾಗಿ ಇರದ ಕಾರಣ ಕಚ್ಚಿದ್ದೇ ಗೊತ್ತಾಗದಿರಬಹುದು. ಬೆಳಿಗ್ಗೆ ಎದ್ದವರಿಗೆ ಕಣ್ಣು ಬಿಡಲಾಗದಿದ್ದರೆ ನಾಟಿ ಮದ್ದು, ಮಂತ್ರ ಎಂದು ಹೊತ್ತು ಕಳೆಯಬೇಡಿ. ಉಸಿರಾಟ ನಿಲ್ಲುವ ಮೊದಲು ಆಸ್ಪತ್ರೆ ತಲುಪಿಸಿ.

ಒಟ್ಟಿನಲ್ಲಿ, ನಿಧಾನವಾಗಿ ಇಳಿದ ರೆಪ್ಪೆಯನ್ನು ವೈದ್ಯರಿಗೆ ತೋರಿಸಲು ಸಮಯವಿದೆ. ಏಕಾಏಕಿ ಇಳಿದ ರೆಪ್ಪೆಗೆ ಆ ಸಮಯವಿಲ್ಲ. ಎಣ್ಣೆಯ ಸಲಹೆ ಕಳುಹಿಸುವ ಬದಲು ಈ ಮಾಹಿತಿಯನ್ನು ನಿಮ್ಮವರಿಗೆ ಕಳುಹಿಸಿ.