ಮರೆವಿನೊಡನೆ ಒಂದು ಒಪ್ಪಂದ

ನಮ್ಮ ಮನೆಯಲ್ಲಿ ಈಚೆಗೆ ಹೊಸ ಬಗೆಯ ಜಪವೊಂದು ನಡೆದಿದೆ. ಬೆಳಗಿನ ಐದು ಗಂಟೆಗೆ ಎದ್ದು, ಎಡಗೈಯಲ್ಲಿ ಕಾಫಿಯ ಲೋಟ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಫೋನಿನ ಮುಖವನ್ನು ಒತ್ತುತ್ತ ಕುಳಿತುಕೊಳ್ಳುವವಳು ನನ್ನ ತಮ್ಮನ ಮಗಳು. ವೈದ್ಯಕೀಯ ಓದು ಮುಗಿಸಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ದುಡಿಯುತ್ತ ನಮ್ಮೊಡನೆಯೇ ಇದ್ದಾಳೆ. ಈ ಕಾಲದ ಮಕ್ಕಳಿಗೆ ಅಂಟಿದ ಫೋನಿನ ಚಟ ಇವಳನ್ನೂ ಬಿಟ್ಟಿಲ್ಲವೆಂದು ಮೊದಮೊದಲು ನಾನು ಮನಸ್ಸಿನಲ್ಲಿಯೇ ನೊಂದುಕೊಂಡಿದ್ದೆ. ಒಂದು ದಿನ ಕುತೂಹಲ ತಡೆಯಲಾರದೆ ಹೆಗಲ ಮೇಲಿಂದ ಇಣಿಕಿದೆ.

ಪರದೆಯ ಮೇಲೆ ಒಂದೇ ಸಾಲು: ಕ್ಷಯರೋಗಕ್ಕೆ ಕೊಡುವ ಔಷಧಗಳಲ್ಲಿ ಕಣ್ಣಿನ ನರವನ್ನು ಬಾಧಿಸುವಂಥದು ಯಾವುದು? ಹುಡುಗಿ “ಎಥಾಂಬ್ಯುಟಾಲ್” ಎಂದು ತುಟಿಯಲ್ಲಿಯೇ ನುಡಿದು ಪರದೆಯನ್ನು ಒತ್ತಿದಳು. ಉತ್ತರ ಮೂಡಿತು, ಸರಿಯಾಗಿತ್ತು. ಮತ್ತೊಂದು ಗುಂಡಿ ಒತ್ತಿದಳು. ಪ್ರಶ್ನೆ ಮಾಯವಾಯಿತು.

“ಇನ್ನು ಇದು ನನ್ನೆದುರಿಗೆ ಬರುವುದು ನಾಲ್ಕು ತಿಂಗಳ ಮೇಲೆ, ದೊಡ್ಡಪ್ಪ” ಎಂದಳು.

“ಅದು ಯಾರು ಗೊತ್ತು ಮಾಡಿದ ಮುಹೂರ್ತವಮ್ಮ?” ಎಂದೆ.

“ನಾನು ಯಾವಾಗ ಮರೆಯುತ್ತೇನೆಂಬುದು ಇದಕ್ಕೆ ಗೊತ್ತು” ಎಂದು ನಕ್ಕಳು.

ಅಂದಿನಿಂದ ನಾನು ಈ ವಿಚಾರದ ಬೆನ್ನು ಹತ್ತಿದೆ. ಮನೆಯಲ್ಲಿ ವೈದ್ಯ ವಿದ್ಯಾರ್ಥಿಗಳಿರುವ ಓದುಗರಿಗೆ ಇದರಿಂದ ಪ್ರಯೋಜನವಾದೀತೆಂಬ ಭಾವನೆಯಿಂದ, ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಇವಳು ಸಿದ್ಧಳಾಗುತ್ತಿರುವುದು ಅಮೆರಿಕದ ವೈದ್ಯಕೀಯ ಪರವಾನಗಿಯ ಪರೀಕ್ಷೆಗೆ. ಹೊರನಾಡಿನ ವೈದ್ಯರು ಆ ದೇಶದಲ್ಲಿ ತರಬೇತಿ ಪಡೆದು ವೃತ್ತಿಯಲ್ಲಿ ತೊಡಗಬೇಕಾದರೆ ಯು.ಎಸ್.ಎಂ.ಎಲ್.ಇ. ಎಂಬ ಈ ಪರೀಕ್ಷೆಯ ಮೆಟ್ಟಿಲುಗಳನ್ನು ಹತ್ತಲೇಬೇಕು. ಮೊದಲನೆಯ ಮೆಟ್ಟಿಲೆಂದರೆ ಒಂದೇ ದಿನ, ಎಂಟು ಗಂಟೆಗಳ ಕಾಲ, ಹೆಚ್ಚೆಂದರೆ 280 ಪ್ರಶ್ನೆಗಳು. 2022ರ ಜನವರಿ 26ರಿಂದ ಈ ಮೊದಲ ಮೆಟ್ಟಿಲಿಗೆ ಅಂಕಗಳಿಲ್ಲ. ತೇರ್ಗಡೆ ಅಥವಾ ಅನುತ್ತೀರ್ಣ, ಎರಡೇ ಮಾತು. ಇನ್ನು ಹೊರದೇಶದಲ್ಲಿ ಓದಿ ನಮ್ಮ ದೇಶಕ್ಕೆ ಮರಳುವ ಮಕ್ಕಳಿಗೆ ಇಲ್ಲಿಯೂ ಒಂದು ಹೆಬ್ಬಾಗಿಲಿದೆ. 2002ರಿಂದ ನಡೆದುಬಂದಿರುವ ಎಫ್.ಎಂ.ಜಿ.ಇ. ಪರೀಕ್ಷೆಯಲ್ಲಿ 300 ಪ್ರಶ್ನೆಗಳು; 150ಕ್ಕೆ ಸರಿಯುತ್ತರ ಕೊಟ್ಟವರಿಗೆ ಮಾತ್ರ ಪ್ರವೇಶ. 2022ರಲ್ಲಿ ಯುಕ್ರೇನಿನ ಯುದ್ಧ ಮೊದಲಾದಾಗ ಪುಸ್ತಕವನ್ನೂ ಬಿಟ್ಟು ಓಡಿಬಂದ ನಮ್ಮ ನಾಡಿನ ಹುಡುಗರ ತಂದೆತಾಯಿಗಳಿಗೆ ಈ ಹೆಸರನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆ ಯಾವುದೇ ಇರಲಿ, ಸಂಕಟ ಒಂದೇ. ಅಂಗರಚನೆ, ಔಷಧ, ರೋಗಾಣು, ರಸಾಯನ ಎಂದು ಐದಾರು ವರ್ಷ ಓದಿದ್ದೆಲ್ಲವೂ ಒಂದೇ ದಿನ ನಾಲಗೆಯ ತುದಿಯಲ್ಲಿರಬೇಕು. ಆದರೆ ಮನಸ್ಸು ತೂತುಬಿದ್ದ ಕೊಡ. ಈ ತೂತನ್ನು ಅಳೆದು ನೋಡಿದ ಪುಣ್ಯಾತ್ಮನೊಬ್ಬನಿದ್ದಾನೆ: ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ತಾನೇ ಲೆಕ್ಕವಿಟ್ಟು, 1885ರಲ್ಲಿ ಗ್ರಂಥವನ್ನು ಪ್ರಕಟಿಸಿದ. ಇಪ್ಪತ್ತು ನಿಮಿಷ ಕಳೆದಾಗ ಉಳಿದದ್ದು ನೂರಕ್ಕೆ 58. ಒಂದು ದಿನದ ಮೇಲೆ ಸುಮಾರು 34. ಒಂದು ತಿಂಗಳ ಮೇಲೆ 21. ಮೊದಲ ದಿನವೇ ಬಹುಪಾಲು ಸೋರಿಹೋಗುತ್ತದೆ. ಆಮೇಲೆ ಸೋರುವುದು ನಿಧಾನ. ಅವನೇ ಕಂಡ ಇನ್ನೊಂದು ಸಂಗತಿ ನಮಗೆ ಮುಖ್ಯವಾದದ್ದು. ಒಂದೇ ದಿನ 68 ಸಲ ಉರುಹೊಡೆದದ್ದರ ಫಲವೂ, ಮೂರು ದಿನಗಳಲ್ಲಿ ಹಂಚಿ 38 ಸಲ ಹೇಳಿಕೊಂಡದ್ದರ ಫಲವೂ ಸಮನಾಗಿದ್ದವು!

ಈ ತತ್ವವನ್ನು ಮನೆಯಲ್ಲಿ ಬಳಸುವ ಉಪಾಯವನ್ನು ಜನಪ್ರಿಯಗೊಳಿಸಿದವನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ. 1972ರಲ್ಲಿ ಬಂದ ಅವನ ಪುಸ್ತಕದಲ್ಲಿ ಐದು ಖಾನೆಗಳ ಒಂದು ಪೆಟ್ಟಿಗೆಯಿದೆ. ಚೀಟಿಯ ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ. ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ. ಆ ಖಾನೆಯ ಸರದಿ ತಡವಾಗಿ ಬರುತ್ತದೆ. ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. 1987ರಲ್ಲಿ ಪೋಲೆಂಡಿನ ವಿದ್ಯಾರ್ಥಿ ಪ್ಯೋತರ್ ವೋಜ್ನಿಯಾಕ್ ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬಾತ ಜಪಾನೀ ಭಾಷೆಯನ್ನು ಕಲಿಯುವ ಸಲುವಾಗಿ ಇಂಥದೇ ಒಂದನ್ನು ರಚಿಸಿ ‘ಆಂಕಿ’ ಎಂದು ಹೆಸರಿಟ್ಟ. ಜಪಾನೀ ಭಾಷೆಯಲ್ಲಿ ಆ ಮಾತಿಗೆ ಕಂಠಪಾಠವೆಂದೇ ಅರ್ಥ. ನಮ್ಮ ಹುಡುಗಿಯ ಫೋನಿನಲ್ಲಿರುವುದು ಇದೇ.

ಉತ್ತರವನ್ನು ನೋಡಿದ ಮೇಲೆ ‘ಮತ್ತೆ’, ‘ಕಷ್ಟ’, ‘ಸರಿ’, ‘ಸುಲಭ’ ಎಂಬ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ‘ಸರಿ’ ಎಂದು ಒತ್ತುತ್ತ ಹೋದರೆ ಪ್ರಶ್ನೆ ಒಂದು ದಿನ, ಮೂರು ದಿನ, ಎಂಟು ದಿನ, ಇಪ್ಪತ್ತು ದಿನ, ಒಂದೂವರೆ ತಿಂಗಳು ಎಂದು ಹೆಚ್ಚುಕಡಿಮೆ ಈ ಪರಿಯಲ್ಲಿ ದೂರ ದೂರ ಸರಿಯುತ್ತದೆ. ‘ಮತ್ತೆ’ ಎಂದರೆ ಕೆಲವೇ ನಿಮಿಷದಲ್ಲಿ ಬಾಗಿಲು ತಟ್ಟುತ್ತದೆ. ಅಮೆರಿಕದ ವಿದ್ಯಾರ್ಥಿಗಳು ಈ ಪರೀಕ್ಷೆಗೆಂದೇ ಸಾವಿರಾರು ಚೀಟಿಗಳ ಕಟ್ಟುಗಳನ್ನು ಕಟ್ಟಿ, ತಿದ್ದಿ, ಒಬ್ಬರಿಂದ ಒಬ್ಬರಿಗೆ ಹಂಚಿಕೊಂಡಿದ್ದಾರೆ.

ಇದನ್ನೆಲ್ಲ ಕೇಳುತ್ತಿದ್ದಂತೆ ನನ್ನ ಅಜ್ಜನ ನೆನಪಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ನಮಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದರು. ಕ್ರಮವಾಗಿ ಹೇಳಿದರೆ ಅವರಿಗೆ ತೃಪ್ತಿಯಿಲ್ಲ. “ಹದಿನೇಳೆಂಟಲಿ?” ಎಂದು ನಡುವೆ ತಟಕ್ಕನೆ ಕೇಳುವರು. ನಾನು ತಡವರಿಸಿದೆನೋ, ಮರುದಿನ ಸಂಜೆ ಮೊದಲ ಪ್ರಶ್ನೆ ಅದೇ. ಸರಿಯಾಗಿ “ನೂರಾ ಮೂವತ್ತಾರು” ಎಂದರೆ ವಾರ ಬಿಡುವರು. ಇನ್ನು ಮರೆತಿರಬಹುದೆಂದು ತೋರಿದಾಗ ಊಟದ ನಡುವೆ, ಸಾರನ್ನ ಕಲಸುವ ಹೊತ್ತಿಗೆ, ಮತ್ತೆ ಕೇಳುವರು. ಎರಡೆರಡಲಿ ಎಷ್ಟೆಂದು ಅವರು ನನ್ನನ್ನು ಎಂದೂ ಕೇಳಿ ಹೊತ್ತು ಕಳೆಯಲಿಲ್ಲ. ಲೈಟ್ನರನ ಪೆಟ್ಟಿಗೆಯ ಐದೂ ಖಾನೆಗಳು ಆ ಮುದುಕರ ತಲೆಯಲ್ಲಿದ್ದವು.

ಅವರು ಮಾಡುತ್ತಿದ್ದುದರಲ್ಲಿ ಇನ್ನೊಂದು ಮರ್ಮವೂ ಇತ್ತು. ಓದು ಎನ್ನುತ್ತಿರಲಿಲ್ಲ, ಹೇಳು ಎನ್ನುತ್ತಿದ್ದರು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಪರೀಕ್ಷಿಸಿ ನೋಡಿದರು. ಒಂದು ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ಮೇಲೆ ಕೇಳಿದಾಗ ಮುಂದಿದ್ದರು. ಒಂದೇ ಸಲ ಓದಿ, ಬಳಿಕ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಆಗ ಹಿಂದೆ. ಒಂದು ವಾರದ ಮೇಲೆ ಲೆಕ್ಕ ತಲೆಕೆಳಗಾಯಿತು: ಓದಿ ಓದಿ ಕಲಿತವರಿಗೆ ನೂರಕ್ಕೆ 42 ಅಂಶಗಳು ನೆನಪಿದ್ದರೆ, ಬರೆದು ನೋಡಿದವರಿಗೆ 56. ಓದುತ್ತಿರುವಾಗ ಎಲ್ಲವೂ ಬಂದಂತೆಯೇ ತೋರುತ್ತದೆ. ಪುಸ್ತಕ ಮುಚ್ಚಿದಾಗಲೇ ನಿಜ ತಿಳಿಯುವುದು.

ಇಷ್ಟು ಸೊಗಸಾದ ಉಪಾಯದಲ್ಲಿ ತೊಡಕೇನೂ ಇಲ್ಲವೆ? ಇದೆ. ಮೊದಲನೆಯದು ಬಡ್ಡಿಯದು. ನಮ್ಮ ಹುಡುಗಿ ದಿನಕ್ಕೆ ನಲವತ್ತು ಹೊಸ ಪ್ರಶ್ನೆಗಳೆಂದು ಸಂಕಲ್ಪ ಮಾಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಹಳೆಯ ಪ್ರಶ್ನೆಗಳೇ ದಿನಕ್ಕೆ 380 ತಿರುಗಿ ಬರತೊಡಗಿದವು. ಒಂದಕ್ಕೆ ಹತ್ತೇ ಸೆಕೆಂಡು ಎಂದರೂ ಒಂದು ಗಂಟೆಗೆ ಮೇಲಾಯಿತು. ಅಷ್ಟರಲ್ಲಿ ಶಿವಮೊಗ್ಗದಲ್ಲಿ ಅವಳ ಸೋದರಮಾವನ ಮಗನ ಮದುವೆ. ಐದು ದಿನ ಆಂಕಿಯನ್ನು ಮುಟ್ಟಲಿಲ್ಲ. ಮರಳಿ ಬಂದು ಫೋನು ತೆರೆದರೆ 1,900 ಪ್ರಶ್ನೆಗಳು ಸಾಲಗಾರರಂತೆ ಬಾಗಿಲಲ್ಲಿ ನಿಂತಿದ್ದವು. ಹುಡುಗಿ ಫೋನನ್ನು ಮಂಚದ ಮೇಲೆ ಎಸೆದು, ಊಟ ಬೇಡವೆಂದು ಮುಸುಕೆಳೆದು ಮಲಗಿದಳು. “ಮದುವೆಗೆ ಕರೆದದ್ದೇ ತಪ್ಪಾಯಿತೇನೋ, ಭಾವನವರೇ” ಎಂದು ಅವಳ ತಾಯಿ ಫೋನಿನಲ್ಲಿ ನನ್ನೊಡನೆ ಕಣ್ಣೀರಿಟ್ಟರು.

ಎರಡನೆಯ ತೊಡಕು ಇದಕ್ಕಿಂತ ಗಹನವಾದದ್ದು.

ಮದುವೆಯಾಗಿ ಮೂರು ವಾರವಾಗಿರಬೇಕು. ಒಂದು ಸಂಜೆ ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಳಿತುಬಿಟ್ಟಳು. ಅಂದು ಮಗ್ಗದ ಕೆಲಸದವರೊಬ್ಬರು ಬಂದಿದ್ದರಂತೆ. “ತಾಯಿ, ಕೆಂಪು ಎಳೆ ಯಾವುದು, ಹಸಿರು ಎಳೆ ಯಾವುದು, ಗುರುತೇ ಸಿಗುವುದಿಲ್ಲ. ಸೀರೆಯ ಅಂಚು ಕೆಟ್ಟುಹೋಗುತ್ತಿದೆ. ಒಂದು ಕನ್ನಡಕ ಬರೆದುಕೊಡಿ” ಎಂದರಂತೆ. ವಯಸ್ಸು ಐವತ್ತರ ಮೇಲೆ. ಇವಳು ಕನ್ನಡಕದ ವಿಭಾಗಕ್ಕೆ ಚೀಟಿ ಬರೆಯತೊಡಗಿದಳು. ಪಕ್ಕದಲ್ಲಿದ್ದ ಹಿರಿಯ ವೈದ್ಯರು ತಲೆಯೆತ್ತಿ ಒಂದೇ ಮಾತು ಕೇಳಿದರು: “ಯಾವುದಾದರೂ ಮಾತ್ರೆ ನುಂಗುತ್ತಿದ್ದೀರಾ?” ಆತ ಅಂಗಿಯ ಜೇಬಿನಿಂದ ಕ್ಷಯದ ಮಾತ್ರೆಗಳ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಎಥಾಂಬ್ಯುಟಾಲ್ ಇತ್ತು.

“ಆ ಪ್ರಶ್ನೆಯನ್ನು ನಾನು ಹನ್ನೊಂದು ಸಲ ಸರಿಯಾಗಿ ಹೇಳಿದ್ದೆ, ದೊಡ್ಡಪ್ಪ. ಹನ್ನೊಂದು ಸಲ! ಆ ಮನುಷ್ಯ ನನ್ನೆದುರಿಗೆ ಕುಳಿತಾಗ ನನಗದು ಹೊಳೆಯಲೇ ಇಲ್ಲ. ಕನ್ನಡಕ ಹಾಕಿಕೊಂಡು ಅದೇ ಮಾತ್ರೆಯನ್ನು ನುಂಗುತ್ತಿದ್ದರೆ?” ಎಂದು ಅತ್ತಳು.

ಆ ಔಷಧವನ್ನು ಬೇಗ ನಿಲ್ಲಿಸಿದರೆ ದೃಷ್ಟಿ ಬಹುಮಟ್ಟಿಗೆ ಮರಳುವುದುಂಟು. ತಡವಾದರೆ ಮರಳದೆಯೂ ಇರಬಹುದು. ಅಂದೇ ಅದನ್ನು ನಿಲ್ಲಿಸಿ, ಕಣ್ಣಿನ ವೈದ್ಯರ ಬಳಿಗೆ ಕಳುಹಿಸಿದರು. ಎರಡು ತಿಂಗಳ ಮೇಲೆ ಆತ ಬಂದು, ಬಣ್ಣಗಳು ತಿಳಿಯತೊಡಗಿವೆಯೆಂದು ಹೇಳಿಹೋದರಂತೆ. ನಮ್ಮ ಪುಣ್ಯ.

ನಾನು ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ನನಗೂ ಹಾಗೆಯೇ ಆಗಿತ್ತು. ಹದಿನೇಳೆಂಟಲಿ ಎಷ್ಟೆಂದು ನಿದ್ದೆಯಲ್ಲಿಯೂ ಹೇಳುತ್ತಿದ್ದ ನಾನು, ಸಂತೆಯಲ್ಲಿ ಅಜ್ಜ ಹದಿನೇಳು ಸೇರು ಅವರೆಯ ಬೆಲೆ ಕೇಳಿದಾಗ ಬಾಯಿಬಿಟ್ಟು ನಿಂತಿದ್ದೆ. “ಪುಸ್ತಕದ ಬದನೆಕಾಯಿ” ಎಂದು ಅವರು ನಕ್ಕಿದ್ದರು. ಆ ಕಥೆಯನ್ನಷ್ಟೇ ಹೇಳಿದೆ.

ಮರುದಿನದಿಂದ ಹುಡುಗಿಯ ಪರಿಪಾಠ ಬದಲಾಯಿತು. ಹೊಸ ಪ್ರಶ್ನೆಗಳನ್ನು ಮೂರು ವಾರ ಪೂರ್ತಿ ನಿಲ್ಲಿಸಿದಳು. ಬಾಕಿಯನ್ನು ಒಂದೇ ದಿನ ತೀರಿಸುವ ಹಟ ಬಿಟ್ಟು, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಂಡಳು. ಅನ್ಯರು ಕಟ್ಟಿದ ಕಟ್ಟಿನಲ್ಲಿ ಅರ್ಥವಾಗದೆ ಉರುಹೊಡೆಯುತ್ತಿದ್ದವನ್ನು ಬದಿಗಿಟ್ಟು, ಮೊದಲು ಪಾಠವನ್ನು ಓದಿ ತಿಳಿದ ಮೇಲೆ ಮಾತ್ರ ಮತ್ತೆ ಸೇರಿಸಿಕೊಂಡಳು. ಉಳಿದ ಹೊತ್ತನ್ನು ರೋಗಿಯ ವೃತ್ತಾಂತವನ್ನೇ ಕೊಟ್ಟು ನಿರ್ಣಯವನ್ನು ಕೇಳುವ ದೀರ್ಘ ಪ್ರಶ್ನೆಗಳಿಗೆ ಮೀಸಲಿಟ್ಟಳು. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೂ ಬಹುತೇಕ ಆ ಬಗೆಯವೇ. ಅದರಲ್ಲಿ ಎಲ್ಲಿ ತಪ್ಪಿದಳೋ, ಆ ತಪ್ಪಿಗೊಂದು ಚೀಟಿಯನ್ನು ತಾನೇ ಬರೆಯುತ್ತಾಳೆ. ಹಾಗೆ ಬರೆದವುಗಳಲ್ಲಿ ಮೊದಲನೆಯದನ್ನು ನನಗೆ ತೋರಿಸಿದಳು. ಉಳಿದವೆಲ್ಲ ಇಂಗ್ಲಿಷಿನಲ್ಲಿದ್ದರೆ ಅದೊಂದು ಮಾತ್ರ ಕನ್ನಡದಲ್ಲಿದೆ. ಪ್ರಶ್ನೆ: ಕೆಂಪು ಹಸಿರು ಎಳೆಗಳ ಗುರುತು ಸಿಗದೆ ಬಂದ ನೇಕಾರರನ್ನು ಮೊದಲು ಏನು ಕೇಳುವೆ? ಉತ್ತರ: ಯಾವ ಮಾತ್ರೆ ನುಂಗುತ್ತಿದ್ದೀರಿ?

ಮನೆಯ ಹಿರಿಯರಿಗೆ ನನ್ನದೊಂದು ವಿಜ್ಞಾಪನೆ. ಬೆಳಗಿನ ಹೊತ್ತು ಫೋನು ಹಿಡಿದು ಕುಳಿತ ಮಗುವನ್ನು ಕಂಡಕೂಡಲೆ ಗದರಬೇಡಿ, ಅದು ಓದುತ್ತಿರಲೂಬಹುದು. ಹಾಗೆಯೇ, ದಿನಕ್ಕೆ ಎಷ್ಟು ಮುಗಿಸಿದೆಯೆಂದು ಕೇಳುವುದಕ್ಕಿಂತ, ಇಂದು ಆಸ್ಪತ್ರೆಯಲ್ಲಿ ಯಾರನ್ನು ಕಂಡೆಯೆಂದು ಕೇಳಿ. ಮದುವೆ ಮುಂಜಿಗಳಿಗೆ ಬಾರದಿದ್ದರೆ ಒಂದು ವರ್ಷದ ಮಟ್ಟಿಗೆ ಕ್ಷಮಿಸಿ. ಬಂದರೆ, ದಿನಕ್ಕೆ ಒಂದು ಗಂಟೆ ಅವರಿಗೊಂದು ಮೂಲೆಯನ್ನು ಬಿಟ್ಟುಕೊಡಿ.

ಪರೀಕ್ಷೆಗೆ ಇನ್ನು ಆರು ವಾರವಿದೆ. ಬೆಳಗಿನ ಜಪ ನಡೆದೇ ಇದೆ. ಮೊನ್ನೆ ನಾನೂ ಆಸೆಪಟ್ಟು, “ನನ್ನ ರಕ್ತದೊತ್ತಡದ ಮಾತ್ರೆಯ ಹೆಸರಿಗೊಂದು ಚೀಟಿ ಮಾಡಿಕೊಡಮ್ಮ, ದಿನವೂ ಮರೆಯುತ್ತೇನೆ” ಎಂದೆ.

“ಅದಕ್ಕೆ ಆಂಕಿ ಯಾಕೆ, ದೊಡ್ಡಪ್ಪ? ದೊಡ್ಡಮ್ಮ ಇದ್ದಾರಲ್ಲ!” ಎಂದಳು. ಒಳಗಿನಿಂದ ಮಾತ್ರೆಯೂ ನೀರಿನ ಲೋಟವೂ ಆಗಲೇ ಬಂದಿದ್ದವು.