ಜೇನುಗೂಡಿನ ಲೇಪವೂ ಘಟ್ಟದ ರಸ್ತೆಯೂ

ಘಟ್ಟದ ರಸ್ತೆಗಳನ್ನು ಅಗಲಗೊಳಿಸಬೇಕೆನ್ನುವವರ ಬತ್ತಳಿಕೆಗೆ ಈಚೆಗೆ ಹೊಸದೊಂದು ಬಾಣ ಸೇರಿದೆ. ಈಗಿನ ಲಾರಿಗಳು ಹೊಗೆಯನ್ನೇ ಉಗುಳುವುದಿಲ್ಲ, ಕಾಡಿಗೇನು ತೊಂದರೆ ಎಂಬುದು ಅವರ ವಾದ. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಪೂರ್ತಿ ಸುಳ್ಳಲ್ಲ. ಆದ್ದರಿಂದಲೇ ಲಾರಿಯ ಹೊಟ್ಟೆಯೊಳಗೆ ಏನಿದೆಯೆಂಬುದನ್ನು ನಾವು, ವಿಶೇಷವಾಗಿ ವಿದ್ಯಾರ್ಥಿ ಮಿತ್ರರು, ಅರಿತಿರಬೇಕು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮವು ಭಾರಿ ಡೀಸೆಲ್ ಎಂಜಿನ್ನುಗಳು ಹೊರಬಿಡುವ ಸಾರಜನಕದ ಆಕ್ಸೈಡುಗಳ ಮಿತಿಯನ್ನು ಕಿಲೋವ್ಯಾಟ್-ಗಂಟೆಗೆ 3.5 ಗ್ರಾಮಿನಿಂದ ಅರ್ಧ ಗ್ರಾಮಿಗಿಂತಲೂ ಕೆಳಗಿಳಿಸಿತು. ಇದನ್ನು ಸಾಧ್ಯವಾಗಿಸಿದ್ದು ಹೊಗೆಕೊಳವೆಯಲ್ಲಿ ಕೂರಿಸಿದ, ಜೇನುಗೂಡನ್ನು ಹೋಲುವ ಪಿಂಗಾಣಿ ಇಟ್ಟಿಗೆ. ಕಾಸಿದರೂ ಹೆಚ್ಚು ಹಿಗ್ಗದ, ಸೂಕ್ಷ್ಮ ರಂಧ್ರಗಳುಳ್ಳ ಕಾರ್ಡಿಯರೈಟ್ ಎಂಬ ವಸ್ತುವಿನಿಂದ ಅದನ್ನು ಮಾಡುತ್ತಾರೆ. ಅದರ ಒಂದೊಂದು ಚದರ ಅಂಗುಲದಲ್ಲಿ ನೂರಾರು ಓಣಿಗಳು. ಅನೇಕ ಲಾರಿಗಳಲ್ಲಿ ಆ ಓಣಿಗಳ ಗೋಡೆಗೆ ತಾಮ್ರ ಬೆರೆತ ಜಿಯೊಲೈಟಿನ ತೆಳುಲೇಪವಿರುತ್ತದೆ.

ಜಿಯೊಲೈಟ್ ಎಂದರೆ ಗ್ರೀಕಿನಲ್ಲಿ ಕುದಿಯುವ ಕಲ್ಲು. ಕಾಸಿದಾಗ ಅದು ಆವಿ ಬಿಡುವುದನ್ನು ಕಂಡು 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಈ ಹೆಸರಿಟ್ಟನು. ಪುಣೆ, ನಾಸಿಕ್ ಕಡೆಯ ಕಪ್ಪು ಬಸಾಲ್ಟಿನ ಪೊಟರೆಗಳಲ್ಲಿ ಇದರ ಸುಂದರ ಹರಳುಗಳು ದೊರೆಯುತ್ತವೆ. ಲಾರಿಯಲ್ಲಿರುವುದು ಚಾಬಜೈಟ್ ಎಂಬ ಜಿಯೊಲೈಟಿನ ರಚನೆಯನ್ನೇ ಅನುಸರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ಬಗೆ. ಅದರ ಕಿಂಡಿಯ ಅಗಲ ಸುಮಾರು 0.38 ನ್ಯಾನೊಮೀಟರ್. ಯೂರಿಯಾ ದ್ರಾವಣದಿಂದ ಹುಟ್ಟಿದ ಅಮೋನಿಯಾ ಅದರೊಳಗೆ ನುಸುಳಬಲ್ಲದು, ನೈಟ್ರಿಕ್ ಆಕ್ಸೈಡೂ ನುಸುಳಬಲ್ಲದು. ಉರಿಯದೆ ಉಳಿದ ಇಂಧನದ ದಪ್ಪ ಅಣುಗಳಿಗೆ ಪ್ರವೇಶವಿಲ್ಲ. ಒಳಹೊಕ್ಕ ಅನಿಲಗಳು ತಾಮ್ರದ ಸನ್ನಿಧಿಯಲ್ಲಿ ವರ್ತಿಸಿ ಸಾರಜನಕವೂ ನೀರೂ ಆಗಿ ಹೊರಬರುತ್ತವೆ. ಹಿಂದಿನ ಅಗಲ ಕಿಂಡಿಯ ಜಿಯೊಲೈಟುಗಳು ಬಿಸಿ ಹಬೆಯಲ್ಲಿ ಅಲ್ಯೂಮಿನಿಯಂ ಕಳೆದುಕೊಂಡು ಕುಸಿಯುತ್ತಿದ್ದವು. ಕಿಂಡಿ ಇಕ್ಕಟ್ಟಾದುದರಿಂದ ಈ ಬಗೆ ಬಾಳಿಕೆ ಬಂದಿತು. ನಿಜಕ್ಕೂ ಮೆಚ್ಚತಕ್ಕ ವಿಜ್ಞಾನ.

ಆದರೆ ಈ ಲೇಪಕ್ಕೆ ಶಾಖ ಬೇಕು, ಯೂರಿಯಾ ಬೇಕು. ಹೊಗೆಯ ತಾಪ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಅದರ ಕೆಲಸ ಕುಂಟುತ್ತದೆ. ಭಾರ ಹೊತ್ತು ಶಿರಾಡಿಯನ್ನು ಏರುವ ಲಾರಿಯಲ್ಲಿ ಶಾಖಕ್ಕೆ ಕೊರತೆಯಿಲ್ಲ. ಆಷಾಢದಲ್ಲಿ ಗುಡ್ಡ ಜರಿದು, ಎಂಜಿನ್ ಆರಿಸದ ಲಾರಿಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತಾಗ? ಕೊಳವೆ ತಣ್ಣಗಾಗುತ್ತದೆ, ಲೇಪ ನಿದ್ರಿಸುತ್ತದೆ. ಆ ಗುಡ್ಡ ಜರಿದದ್ದಾದರೂ ಏಕೆ? ರಸ್ತೆಗಾಗಿ ಕಡಿದ ಕಡೆಯಲ್ಲಿ ಮಣ್ಣಿಗೆ ಆಸರೆ ತಪ್ಪುವುದನ್ನು ನಮ್ಮೂರವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯೂರಿಯಾ. ಅದಕ್ಕೆ ದುಡ್ಡು ತೆರಬೇಕು. ಹಾಕದಿದ್ದರೂ ಹಾಕಿದಂತೆ ಲಾರಿಯ ಗಣಕವನ್ನು ನಂಬಿಸುವ ಪುಟ್ಟ ಸಾಧನಗಳು ಯೂರೋಪಿನಲ್ಲಿ ಧಾರಾಳವಾಗಿ ಬಿಕರಿಯಾದವು. ಪರೀಕ್ಷೆಯ ಹೊತ್ತಿನಲ್ಲಷ್ಟೇ ಶುಚಿಯಾಗಿರುವಂತೆ ಫೋಕ್ಸ್‌ವ್ಯಾಗನ್ ಕಂಪೆನಿಯೇ ಡೀಸೆಲ್ ಕಾರುಗಳ ತಂತ್ರಾಂಶವನ್ನು ಹೊಂದಿಸಿದ್ದು 2015ರಲ್ಲಿ ಬಯಲಾಯಿತು. ನೈಟ್ರಿಕ್ ಆಕ್ಸೈಡಿಗೆ ಬಣ್ಣವಿಲ್ಲ. ಡೀಸೆಲ್ ವಾಹನಗಳ ಪಿಯುಸಿ ತಪಾಸಣೆ ರೂಪುಗೊಂಡದ್ದೋ ಹೊಗೆಯ ಕಪ್ಪನ್ನು ಅಳೆಯುವುದಕ್ಕೆ. ಯೂರಿಯಾ ಕದ್ದ ಲಾರಿ ಅಲ್ಲಿ ಸಲೀಸಾಗಿ ಪಾಸಾದೀತು.

ಲೇಪ ಸರಿಯಾಗಿಯೇ ದುಡಿದರೂ ಇಂಗಾಲದ ಡೈಆಕ್ಸೈಡ್ ಒಂದಿಷ್ಟೂ ತಗ್ಗುವುದಿಲ್ಲ. ಈ ಕ್ರಿಯೆಯಲ್ಲಿ ಅಲ್ಪಸ್ವಲ್ಪ ನೈಟ್ರಸ್ ಆಕ್ಸೈಡೂ ಹುಟ್ಟುತ್ತದೆ. ತೂಕಕ್ಕೆ ತೂಕ ಹಿಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಟೈರಿನ ಪುಡಿ, ಬ್ರೇಕಿನ ಧೂಳು, ರಾತ್ರಿಯಿಡೀ ಹಾರ್ನು, ಚಕ್ರಕ್ಕೆ ಸಿಕ್ಕ ಕಪ್ಪೆ, ಹಾವು, ಇವೆಲ್ಲ ಎಂದಿನಂತೆಯೇ.

ಘಟ್ಟದ ತಪಾಸಣಾ ಠಾಣೆಗಳಲ್ಲಿ ಸಾರಜನಕದ ಆಕ್ಸೈಡುಗಳನ್ನೇ ಅಳೆಯುವ ಉಪಕರಣ ಬರಲಿ, ಸಾಲಿನಲ್ಲಿ ನಿಂತ ಲಾರಿಗಳು ಎಂಜಿನ್ ಆರಿಸಲಿ ಎಂದು ನಾವು ಒತ್ತಾಯಿಸಬೇಕು. ರಸ್ತೆ ಅಗಲಿಕೆಯ ಅಹವಾಲು ಸಭೆಯಲ್ಲಿ ಯಾರಾದರೂ ಬಿಎಸ್-6ರ ಮಾತೆತ್ತಿದರೆ, ಉರುಳಲಿರುವ ಮರಗಳಿಗೂ ಆ ಲೇಪಕ್ಕೂ ಏನು ಸಂಬಂಧವೆಂದು ಅಲ್ಲಿಯೇ ಎದ್ದುನಿಂತು ಕೇಳೋಣ.