ಬಸುರಿಗೆ ಕಾಮಾಲೆಯ ಲಸಿಕೆಯೇ?

ಬಂಧುಗಳೊಬ್ಬರ ಸೊಸೆ ಐದು ತಿಂಗಳ ಗರ್ಭಿಣಿ. ಗಂಡನ ರಕ್ತದಲ್ಲಿ ಹೆಪಟೈಟಿಸ್-ಬಿ ಸೋಂಕು ಕಂಡುಬಂದಿತು, ಆಕೆಗೆ ತಗುಲಿರಲಿಲ್ಲ. ಲಸಿಕೆ ಹಾಕಿಸಿರೆಂದು ವೈದ್ಯರು ಹೇಳಲು, “ಬಸುರಿಯ ಮೈಗೆ ಕಾಮಾಲೆಯ ವಿಷವೇ!” ಎಂದು ಅತ್ತೆಯವರು ಹೌಹಾರಿದರು.

ವಿಷವಲ್ಲ, ತಾಯಂದಿರೇ. ಅದರಲ್ಲಿ ಜೀವಂತ ವೈರಾಣುವಿಲ್ಲ. ಯೀಸ್ಟಿನಲ್ಲಿ ತಯಾರಿಸಿದ, ವೈರಾಣುವಿನ ಹೊರಮೈಯ ಪ್ರೋಟೀನು ಮಾತ್ರ. ಅದರಿಂದ ಕಾಮಾಲೆ ಬರಲಾರದು. ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು. ತಾಯಿಗೆ ರೋಗವೇ ತಗುಲಿದರೋ, ಹೆರಿಗೆಯಲ್ಲಿ ಕೂಸಿಗೂ ದಾಟುವುದುಂಟು. ಹಾಗೆ ದಾಟಿದ 10 ಕೂಸುಗಳಲ್ಲಿ ಸುಮಾರು 9ಕ್ಕೆ ಅದು ಬಹುಕಾಲ ಬಿಡದು.

ಮೊದಲ ಚುಚ್ಚುಮದ್ದಾದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಹುಟ್ಟಿದ ಕೂಸಿಗೂ 24 ಗಂಟೆಯೊಳಗೆ ಬೇರೆಯಾಗಿ ಹಾಕಿಸಬೇಕು.

ಅತ್ತೆಯವರು ಕಡೆಗೆ ಒಪ್ಪಿದರು. ಆದರೆ ಪಂಚಾಂಗ ನೋಡಿ ದಿನ ಗೊತ್ತುಮಾಡಬೇಕಂತೆ! ಸೊಸೆ ಕಾಯಲಿಲ್ಲ.